ಶ್ರವ್ಯದಿಂದ ದೃಶ್ಯಕ್ಕೆ

ಕಾವ್ಯವು ದೃಶ್ಯವೆಂದೂ ಶ್ರವ್ಯವೆಂದೂ ಎರಡು ಬಗೆಯೆಂದು ಆಲಂಕಾರಿಕರು ವಿಭಾಗಿಸಿರುವುದನ್ನು ಪಾಠಶಾಲೆಯ ಬಾಲಕರೂ ಬಲ್ಲರು. ಆದರೆ ದಶರೂಪಕಗಳಲ್ಲಿ ಭಾಣವೆಂಬುದೊಂದುಂಟು. ಅದು ಈ ಎರಡರ ಗಡಿಯಲ್ಲಿ ನಿಂತಿದೆ. ಅದರಲ್ಲಿ ನಟನು ಒಬ್ಬನೇ. ಎದುರಿಗಿಲ್ಲದವನನ್ನು “ಏನೆನ್ನುವೆ?” ಎಂದು ತಾನೇ ಕೇಳಿ, ಅವನ ಉತ್ತರವನ್ನೂ ತಾನೇ ನುಡಿದು ಕಥೆಯನ್ನು ನಡೆಯಿಸುವನು. ಈ ರೀತಿಗೆ ಆಕಾಶಭಾಷಿತವೆಂದು ಹೆಸರು. ಕಾಣದ ಶ್ರೋತೃಗಳೊಡನೆ ಸಂಭಾಷಿಸುವ ರೇಡಿಯೋ ನಿರೂಪಕನ ಕಾರ್ಯವೂ ಇದೇ ಅಲ್ಲವೆ? ಅಂಥವನು ಮುಂದೆ ನಟನೂ ನಾಟಕಕರ್ತನೂ ಆದರೆ ಲೋಕವು “ಕಸುಬು ಬದಲಿಸಿದ” ಎನ್ನುತ್ತದೆ. ಕಸುಬು ಬದಲಾಗಿಲ್ಲವೆಂಬುದೇ ನಮ್ಮ ಅಭಿಪ್ರಾಯ.

1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿಯನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದೇ. 1955ರಲ್ಲಿ ಅದು ಬೆಂಗಳೂರಿಗೆ ಬಂದಿತು. ಆ ಬೆಂಗಳೂರಿನ ದನಿಯೇ ನಮ್ಮ ಶಿಡ್ಲಘಟ್ಟದ ಸೀಮೆಗೂ ಕೇಳಿಸುತ್ತಿದ್ದುದು. ನಮ್ಮ ಬಾಲ್ಯದಲ್ಲಿ ಸಂಜೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಲೇ ಹಿರಿಯರು ಈರಣ್ಣನ ಮಾತಿಗೆ ಕಿವಿಗೊಡುತ್ತಿದ್ದರು. ಈರಣ್ಣನೆಂಬ ರೈತನು ಬೆಂಗಳೂರಿನಲ್ಲಿ ಎಲ್ಲಿಯೋ ಇರುವನೆಂದೇ ನಮ್ಮ ಅಜ್ಜಿ ನಂಬಿದ್ದರು. ಆತನು ಪೇಟೆಯವರೂ, ಚಿತ್ರಕಲಾವಿದ ಅ. ನ. ಸುಬ್ಬರಾಯರ ಪುತ್ರರೂ ಆದ ಎ. ಎಸ್. ಮೂರ್ತಿಗಳೆಂದು ಆಕೆಗೆ ತಿಳಿಸಿದರೂ ನಂಬುತ್ತಿರಲಿಲ್ಲ. ವೇಷವಿಲ್ಲ, ಬಣ್ಣವಿಲ್ಲ, ಅಂಗಚೇಷ್ಟೆಯಿಲ್ಲ. ಚತುರ್ವಿಧ ಅಭಿನಯಗಳಲ್ಲಿ ವಾಚಿಕವೊಂದರಿಂದಲೇ ಮನುಷ್ಯನೊಬ್ಬನು ನಿರ್ಮಿತನಾಗಿದ್ದನು! ಮೂರ್ತಿಗಳು ನಾಟಕಗಳನ್ನು ಬರೆದರು, ಆಡಿಸಿದರು, ಬೀದಿನಾಟಕಗಳಲ್ಲಿ ದುಡಿದರು. ‘ಅಭಿನಯ ತರಂಗ’ವೆಂಬ ಭಾನುವಾರದ ರಂಗಶಾಲೆಯನ್ನು ನಡೆಸಿ ಅನೇಕರನ್ನು ನಟರನ್ನಾಗಿ ಮಾಡಿದರು. 2012ರಲ್ಲಿ ಕಾಲವಾದಾಗಲೂ ಜನ ಅವರನ್ನು ಈರಣ್ಣನೆಂದೇ ನೆನೆದರು.

ಇದು ಕನ್ನಡಕ್ಕೆ ಮಾತ್ರ ಸೀಮಿತವಾದ ಮಾರ್ಗವಲ್ಲ. ಬಲರಾಜ್ ಸಾಹನಿಯವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಬಿಬಿಸಿಯಲ್ಲಿ ಹಿಂದಿಯ ಉದ್ಘೋಷಕರಾಗಿದ್ದರು. ಸ್ವದೇಶಕ್ಕೆ ಮರಳಿ ನಟರಾದುದನ್ನು ಎಲ್ಲರೂ ಬಲ್ಲರು. ಗುರುದತ್ತರು ನಿರ್ದೇಶಿಸಿದ 1951ರ ‘ಬಾಜಿ’ ಚಿತ್ರಕ್ಕೆ ಚಿತ್ರಕಥೆಯನ್ನು ಬರೆದವರೂ ಅವರೇ ಎಂಬುದನ್ನು ಕೆಲವರು ಮಾತ್ರ ಬಲ್ಲರು.

ಈ ಪರಂಪರೆಗೆ ಈಚಿನ ನಿದರ್ಶನವೆಂದರೆ ಬೆಂಗಳೂರಿನ ದಾನಿಶ್ ಸೇಠ್. ಫೀವರ್ 104 ಎಂಬ ಖಾಸಗಿ ಕೇಂದ್ರದಲ್ಲಿ ಇವರು ಹುಸಿಹೆಸರಿನಿಂದ ಅಪರಿಚಿತರಿಗೆ ದೂರವಾಣಿ ಮಾಡಿ ಪೇಚಿಗೆ ಸಿಕ್ಕಿಸುತ್ತಿದ್ದರು. ಈ ವಿನೋದ ನಮಗೆ ರುಚಿಸದು. ಭಾಣದಲ್ಲಿ ಆಕಾಶದ ವ್ಯಕ್ತಿಗೆ ನೋವಾಗುವ ಸಂಭವವಿಲ್ಲ, ಇಲ್ಲಿ ಉಂಟು. ಆದರೂ ಸತ್ಯವನ್ನು ಮರೆಮಾಚಲಾಗದು. ಆ ಕರೆಗಳಲ್ಲಿ ಹುಟ್ಟಿದ ನೊಗ್ರಾಜನೆಂಬ ಧೂರ್ತ ರಾಜಕಾರಣಿಯು ಬೆಳೆಯುತ್ತ ಬೆಳೆಯುತ್ತ ಕಥೆಯನ್ನು ಬೇಡಿದನು. ಕಥೆಯು ದೇಹವನ್ನು ಬೇಡಿತು. ಸಾದ್ ಖಾನರೊಡನೆ ಕೂಡಿ ಬರೆದು, ತಾವೇ ನಾಯಕರಾಗಿ, 2018ರಲ್ಲಿ ‘ಹಂಬಲ್ ಪೊಲಿಟೀಷಿಯನ್ ನೊಗ್ರಾಜ್’ ಚಿತ್ರವನ್ನು ತಂದರು. 2020ರಲ್ಲಿ ಮಹಾಮಾರಿಯಿಂದ ಊರೆಲ್ಲ ಬಾಗಿಲಿಕ್ಕಿದ್ದಾಗ, ಮನೆಯಲ್ಲಿ ಒಬ್ಬರೇ ನಿಂತು ನಾಲ್ಕಾರು ಪಾತ್ರಗಳಾಗಿ ಪರಸ್ಪರ ಪ್ರಶ್ನೋತ್ತರ ನಡೆಯಿಸಿದ ಕಿರುಚಿತ್ರಗಳನ್ನು ನಮ್ಮ ಮೊಮ್ಮಗಳು ಫೋನಿನಲ್ಲಿ ತೋರಿಸಿದಳು. ನಾನು ನಗಲಿಲ್ಲ, ಬೆರಗಾದೆನು. ಅದು ಶುದ್ಧ ಭಾಣ! 2022ರ ‘ಒನ್ ಕಟ್ ಟು ಕಟ್’ ಚಿತ್ರದಲ್ಲಿ ಇವರು ಸರ್ಕಾರಿ ಶಾಲೆಯ ಕಲಾಶಿಕ್ಷಕರಾಗಿರುವರು. ಉಪಾಧ್ಯಾಯವರ್ಗಕ್ಕೆ ಅದರಲ್ಲಿ ಅಷ್ಟೇನೂ ಗೌರವ ದೊರೆತಿಲ್ಲವೆಂಬುದನ್ನು ಕ್ಷಮಿಸಿದ್ದೇವೆ.

ಕ್ಷಮೆಯ ಮಾತು ಬಂದುದರಿಂದ ಒಂದನ್ನು ಹೇಳಲೇಬೇಕು. ಗೌರಿಬಿದನೂರು ತಾಲ್ಲೂಕಿನ ಗ್ರಾಮವೊಂದರಲ್ಲಿ ನಾನು ಪಾಠ ಹೇಳುತ್ತಿದ್ದಾಗ, ರೇಡಿಯೋ ವಾರ್ತೆಯವರ ದನಿಯನ್ನೂ, ಸಂತೆಯ ದಲ್ಲಾಳಿಯ ದನಿಯನ್ನೂ, ನನ್ನ ದನಿಯನ್ನೂ ಒಂದೇ ಉಸಿರಿನಲ್ಲಿ ಆಡಿತೋರಿಸುವ ಬಾಲಕನೊಬ್ಬನಿದ್ದನು. ಭಾಣದ ಲಕ್ಷಣವನ್ನು ಕಂಠಸ್ಥ ಮಾಡಿದ್ದ ನಾನು ಅವನನ್ನು ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ನಿಲ್ಲಿಸಿದೆನು. ಈಗ ಅವನು ಚಿಂತಾಮಣಿಯಲ್ಲಿ ದಿನಸಿ ಅಂಗಡಿ ಇಟ್ಟಿರುವನು. ಗಿರಾಕಿಗಳನ್ನು ನಗಿಸಲು ಇಂದಿಗೂ ದನಿಗಳನ್ನು ಆಡುವನಂತೆ. ನಾನು ಹೋದೊಡನೆ ಎದ್ದುನಿಂತು, “ಏನು ಬೇಕು ಮೇಷ್ಟ್ರೇ?” ಎಂದು ತನ್ನ ಸ್ವಂತ ದನಿಯಲ್ಲಿ ಕೇಳುವನು.