ಪಾಜು ಕದನ

ಎಸ್ಟೋನಿಯಾದ ಸ್ವಾತಂತ್ರ್ಯ ಸಮರದಲ್ಲಿ (1918–1920) 1919ರ ಜನವರಿ 31ರಂದು ವಲ್ಗಾ ಪಟ್ಟಣದ ಬಳಿಯ ಪಾಜು ಎಸ್ಟೇಟಿನಲ್ಲಿ ನಡೆದ ಕಾಳಗ. ಎಸ್ಟೋನಿಯಾದ ಯೂಲಿಯುಸ್ ಕುಪರ್ಯಾನೊವ್‌ನ ಸುಮಾರು 300 ಮಂದಿ ಸ್ವಯಂಸೈನಿಕರು, ಹಾನ್ಸ್ ಕಾಲ್ಮ್ ಮುನ್ನಡೆಸಿದ ಫಿನ್‌ಲೆಂಡಿನ 'ಉತ್ತರದ ಮಕ್ಕಳು' ದಳದ ಸುಮಾರು 380 ಮಂದಿ ಒಂದು ಕಡೆ. ಸೋವಿಯತ್ ಪಕ್ಷದ ಸುಮಾರು 1,200 ಲಾತ್ವಿಯನ್ ರೈಫಲ್ ಯೋಧರು ಇನ್ನೊಂದು ಕಡೆ. ಎಸ್ಟೋನಿಯಾ ಈ ಕದನವನ್ನು ನೆನೆಯುವುದು ಹೆಚ್ಚಾಗಿ ಕುಪರ್ಯಾನೊವ್‌ನ ಬಲಿದಾನಕ್ಕಾಗಿ. ಆ ಗೌರವ ನ್ಯಾಯವಾದದ್ದೇ. ಆದರೆ ಕದನದ ನಿಜವಾದ ತೂಕವಿರುವುದು ವಲ್ಗಾದ ರೈಲುಹಳಿಗಳಲ್ಲಿ. ತಾರ್ತು, ರೀಗಾ, ಪ್ಸ್ಕೋವ್ ಕಡೆಯ ಮಾರ್ಗಗಳು ಕೂಡುತ್ತಿದ್ದದ್ದು ಇಲ್ಲಿಯೇ. ದಕ್ಷಿಣ ಎಸ್ಟೋನಿಯಾದಲ್ಲಿದ್ದ ಸೋವಿಯತ್ ಕೆಂಪು ಸೇನೆಗೆ ಆಳು, ಮದ್ದುಗುಂಡು ಬರುತ್ತಿದ್ದದ್ದೂ ಈ ಹಳಿಗಳ ಮೇಲೆಯೇ.

ಜನವರಿ 14ರಂದು ತಾರ್ತುವನ್ನು ಎಸ್ಟೋನಿಯನ್ನರಿಗೆ ಗೆದ್ದುಕೊಡುವಲ್ಲಿ ಉಕ್ಕಿನ ಕವಚದ ರೈಲುಗಳ ಪಾತ್ರ ದೊಡ್ಡದಿತ್ತು. ವಲ್ಗಾದ ದಾರಿಯಲ್ಲಿ ಸಾಂಗಸ್ತೆಯ ಸೇತುವೆ ಮುರಿದುಬಿದ್ದಿದ್ದರಿಂದ ಅವು ಮುಂದೆ ಬರಲಾಗಲಿಲ್ಲ. ಹೀಗಾಗಿ ಕಾಲಾಳುಗಳೇ ಮರೆಯಿಲ್ಲದ ಹಿಮದ ಬಯಲನ್ನು ಮೆಷಿನ್‌ಗನ್ನುಗಳಿಗೆ ಎದೆಕೊಟ್ಟು ದಾಟಬೇಕಾಯಿತು. ಶಾಲಾ ಮೇಷ್ಟರಾಗಿದ್ದು ಸೈನ್ಯ ಸೇರಿದ್ದ, ಇಪ್ಪತ್ತನಾಲ್ಕರ ಹರೆಯದ ಕುಪರ್ಯಾನೊವ್ ತನ್ನವರನ್ನು ಮುನ್ನಡೆಸುತ್ತಲೇ ಗುಂಡೇಟು ತಿಂದು ಬಿದ್ದ. ಫೆಬ್ರುವರಿ 2ರಂದು ತಾರ್ತುವಿನಲ್ಲಿ ತೀರಿಕೊಂಡ. ಫಿನ್ನರು ಬಂದು ಕೂಡಿದ ಮೇಲೆ ಕತ್ತಲಾಗುವ ಹೊತ್ತಿಗೆ, ಕೈಕೈ ಮಿಲಾಯಿಸಿದ ಹೋರಾಟದಲ್ಲಿ ಎಸ್ಟೇಟು ವಶವಾಯಿತು. ಒಬ್ಬನ ಶೌರ್ಯದ ಕಥೆ ಬೆಳೆದಷ್ಟೂ ಈ ಫಿನ್ನರ ಪಾಲು ಮಸುಕಾಗಿರುವುದು ಅನ್ಯಾಯ.

ಸೇತುವೆ ದುರಸ್ತಿಯಾಗುವವರೆಗೆ ಕಾಯಬಹುದಿತ್ತಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಹಿಂದಿನ ದಿನವಷ್ಟೇ ಸ್ವಯಂಸೈನಿಕರು ಹಿಡಿದಿದ್ದ ಪಾಜು ಅಷ್ಟರಲ್ಲೇ ಕೈತಪ್ಪಿತ್ತು. ವಲ್ಗಾದ ಹಳಿ ಶತ್ರುವಿನ ಕೈಯಲ್ಲಿರುವಷ್ಟು ಕಾಲ ತಡಮಾಡಿದರೆ ಲಾಭ ಅವನಿಗೇ. ಬೇಗ ಗೆಲ್ಲಬೇಕಿತ್ತು ಎಂಬುದು ಹಗಲಿನಲ್ಲಿ ಬಯಲಿಗೆ ನೇರವಾಗಿ ನುಗ್ಗಿದ್ದಕ್ಕೆ ಪೂರ್ತಿ ಸಮರ್ಥನೆಯಾಗದು, ನಿಜ. ಇನ್ನೊಂದು ವಾದವಿದೆ: ಫೆಬ್ರುವರಿ 1ರಂದು ವ್ಯೊರು ಪಟ್ಟಣವೂ ಎಸ್ಟೋನಿಯನ್ನರ ಪಾಲಾಯಿತು, ಆದ್ದರಿಂದ ವಲ್ಗಾ ಹೇಗಿದ್ದರೂ ತೆರವಾಗುತ್ತಿತ್ತು ಎಂಬುದು. ಆದರೆ ವ್ಯೊರುವಿನ ಪತನದಿಂದ ಕಡಿದುಹೋದದ್ದು ಪೂರ್ವದ ಪ್ಸ್ಕೋವ್ ಮಾರ್ಗ ಮಾತ್ರ. ದಕ್ಷಿಣದಲ್ಲಿ ರೀಗಾ ಮಾರ್ಗ ತೆರೆದೇ ಇತ್ತು. ಅದರ ಬಲದಿಂದ ಕೆಂಪು ಸೇನೆ ವಲ್ಗಾವನ್ನು ಇನ್ನೂ ಹಿಡಿದಿಟ್ಟುಕೊಳ್ಳುವ ಸಾಧ್ಯತೆಯಿತ್ತು. ಆ ಸಾಧ್ಯತೆಯನ್ನು ಇಲ್ಲವಾಗಿಸಿದ್ದು ಪಾಜುವಿನ ಗೆಲುವು. ಅದೇ ಫೆಬ್ರುವರಿ 1ರಂದು ವಲ್ಗಾ ಕೈಸೇರಿತು. ಮುಂದೆ 1920ರಲ್ಲಿ ಬ್ರಿಟಿಷ್ ಮಧ್ಯಸ್ಥ ಸ್ಟೀಫನ್ ಟಾಲೆಂಟ್ಸ್ ಈ ಪಟ್ಟಣವನ್ನು ಎಸ್ಟೋನಿಯಾ ಮತ್ತು ಲಾತ್ವಿಯಾಗಳಿಗೆ ಹಂಚಿದಾಗ ರೈಲು ನಿಲ್ದಾಣ ಉಳಿದದ್ದು ಎಸ್ಟೋನಿಯಾದ ಕಡೆಗೆ.