ಮಳೆಯ ನಾಡಿನಲ್ಲಿ ಬರದ ನೆನಪು

ಮಳೆಗಾಲದಲ್ಲಿ ಒಮ್ಮೆಯಾದರೂ ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದು ಹೋದವರಿಗೆ ಈ ಸೀಮೆಯಲ್ಲಿ ಬರಗಾಲದ ಮಾತೆತ್ತುವುದೇ ವಿಚಿತ್ರವಾಗಿ ತೋರೀತು. ದಾರಿಯ ಎರಡೂ ಬದಿ ನೀರು ತುಂಬಿದ ಭತ್ತದ ಗದ್ದೆಗಳು. ಅದರಾಚೆ ಮಂಜು ಕವಿದ ಕಾಡು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಪೂರ್ವಕ್ಕೆ ಹರಿಯುತ್ತಾಳೆ. ಅದೇ ತಾಲೂಕಿನ ಭೀಮಗಡದ ಕಾಡಿನಲ್ಲಿ ಮಹದಾಯಿ ಹುಟ್ಟಿ ಪಶ್ಚಿಮಕ್ಕೆ, ಗೋವೆಯ ಕಡೆಗೆ ಇಳಿಯುತ್ತಾಳೆ. ಕಣಕುಂಬಿಯ ಸುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಬೆಳಗಾವಿ ನಗರಕ್ಕೆ ಬರುವಷ್ಟರಲ್ಲಿ ಅದು ಅರ್ಧಕ್ಕೂ ಕಡಿಮೆ. ಇನ್ನೂ ಪೂರ್ವಕ್ಕೆ, ಅಥಣಿಯ ಬಯಲಿಗೆ ಹೋದರೆ 600 ಮಿಲಿಮೀಟರೂ ದಕ್ಕುವುದು ಕಷ್ಟ. ಒಂದೇ ಜಿಲ್ಲೆಯೊಳಗೆ ಹೀಗೆ ಮಲೆನಾಡೂ ಬರದ ನಾಡೂ ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿವೆ. ಮಳೆಯ ನಡೆ ತಪ್ಪಿದಾಗ ಇಲ್ಲಿಯ ಜನರ ಬದುಕು ಏನಾಯಿತು, ಅದರಿಂದ ನಾವು ಕಲಿತದ್ದೇನು ಎಂಬುದೇ ಇಂದಿನ ವಿಚಾರ.

ಬರದ ನೆನಪು ಈ ನಾಡಿಗೆ ಹಳೆಯದು. 1791-92ರ ಬರಕ್ಕೆ ತಲೆಬುರುಡೆಯ ಬರವೆಂದೇ ಹೆಸರು ನಿಂತಿತು. ಹೂಳುವವರಿಲ್ಲದ ಹೆಣಗಳಿಂದ ಬಂದ ಹೆಸರದು. ಆದರೆ ಇಂದಿಗೂ ನಮಗೆ ಪಾಠ ಹೇಳಬಲ್ಲದ್ದು 1876ರಿಂದ 1878ರವರೆಗಿನ ಮಹಾಕ್ಷಾಮ. 1876ರ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಬರದ ಪೆಟ್ಟು ಹೆಚ್ಚಾಗಿ ಬಿದ್ದದ್ದು ಪೂರ್ವದ ಎರೆನೆಲಕ್ಕೆ. ನೆರೆಯ ಕಲಾದಗಿ ಜಿಲ್ಲೆಯಲ್ಲಿ 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಸುಮಾರು ಐದನೆಯ ಒಂದು ಪಾಲು ಜನ ಲೆಕ್ಕದಿಂದಲೇ ಅಳಿಸಿಹೋದರು. ಬೆಳಗಾವಿ ಜಿಲ್ಲೆಯ ಜನಸಂಖ್ಯೆಯೂ ಆ ಅವಧಿಯಲ್ಲಿ ಇಳಿಯಿತು.

ಮಳೆ ಬಾರದಿದ್ದುದು ಆಕಾಶದ ತಪ್ಪು ಎನ್ನೋಣ. ಆದರೆ ಜನ ಸತ್ತದ್ದಕ್ಕೆಲ್ಲ ಆಕಾಶವನ್ನೇ ಹೊಣೆ ಮಾಡಲಾದೀತೇ? ಬರಕ್ಕೆ ಕೆಲವೇ ವರ್ಷಗಳ ಹಿಂದೆ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಗಗನಕ್ಕೇರಿತ್ತು. ಬೆಳಗಾವಿ, ಧಾರವಾಡ ಸೀಮೆಯ ರೈತ ಜೋಳದ ಹೊಲದಲ್ಲಿ ಹತ್ತಿ ಬಿತ್ತಿದ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಸಾಲ ಮಾತ್ರ ಉಳಿಯಿತು. ಬರ ಬಂದಾಗ ಅವನ ಹಗೇವಿನಲ್ಲಿ ಕಾಳಿರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಬೆಳಗಾವಿಗೆ ಆಗ ರೈಲೂ ಬಂದಿರಲಿಲ್ಲ. ವೆಂಗುರ್ಲೆಯ ಬಂದರಿನ ಸರಕು ಎತ್ತಿನ ಗಾಡಿಗಳಲ್ಲಿ ಘಟ್ಟ ಹತ್ತಿಯೇ ಬರಬೇಕು. ಮೇವಿಲ್ಲದೆ ಎತ್ತುಗಳೇ ಬಿದ್ದು ಸತ್ತ ಮೇಲೆ ಗಾಡಿ ಎಳೆಯುವವರಾರು?

ಆಳುವವರ ರೀತಿಯಾದರೂ ಹೇಗಿತ್ತು? 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಎಂದು ಸಾರುವ ದರ್ಬಾರು ನಡೆಯಿತು. ಅದೇ ತಿಂಗಳಲ್ಲಿ ಸರ್ ರಿಚರ್ಡ್ ಟೆಂಪಲ್ ಬರಪರಿಹಾರದ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಕಾಸಿಗೆ ಇಳಿಸಿದರು. ಕಲ್ಲು ಒಡೆಯುವ ಆಳಿಗೆ ಅಷ್ಟು ಸಾಲದೆಂದು ಮದರಾಸಿನ ವೈದ್ಯಾಧಿಕಾರಿ ಕಾರ್ನಿಷ್ ವಾದಿಸಿದರು. ಮುಂಬಯಿ ಇಲಾಖೆಯಲ್ಲಿ ಕೂಲಿಕಾರರು ಕೆಲಸವನ್ನೇ ಬಿಟ್ಟು ನಡೆದರು; ಅವರ ಅಳಲನ್ನು ಪುಣೆಯ ಸಾರ್ವಜನಿಕ ಸಭೆ ಸರ್ಕಾರದ ಮುಂದಿಟ್ಟಿತು. ಇಷ್ಟಾದರೂ ಬಂದರುಗಳಿಂದ ಧಾನ್ಯ ಹೊರದೇಶಕ್ಕೆ ಹೋಗುವುದು ನಿಲ್ಲಲಿಲ್ಲ. ಬರಗಾಲದಲ್ಲಿ ಅಧಿಕಮಾಸ ಎಂಬ ಗಾದೆಗೆ ಇದಕ್ಕಿಂತ ಕಠೋರವಾದ ಭಾಷ್ಯ ಬೇಕಿಲ್ಲ.

ಈ ಬರದಲ್ಲಿ ಬೇಗನೆ ನೆಲಕಚ್ಚಿದವರಲ್ಲಿ ನೇಕಾರರೂ ಒಬ್ಬರು. ನೇಕಾರನ ಹೊಲ ಒಣಗಲಿಲ್ಲ. ಅವನಿಗೆ ಹೊಲವೇ ಇರಲಿಲ್ಲ. ರೈತನ ಮನೆಯಲ್ಲಿ ಅನ್ನಕ್ಕೆ ತತ್ವಾರವಾದಾಗ ಸೀರೆ ಕೊಳ್ಳುವವರಿಲ್ಲದೆ ಅವನ ಮಗ್ಗ ನಿಂತಿತು. ಹಸಿವು ಹೊಲದಿಂದ ಮಾತ್ರವೇ ಬರುವುದಿಲ್ಲ, ಸಂತೆಯಿಂದಲೂ ಬರುತ್ತದೆ. ಅಮರ್ತ್ಯ ಸೇನ್ 1981ರಲ್ಲಿ ಕ್ಷಾಮವನ್ನು ಕುರಿತು ಬರೆದ ಗ್ರಂಥದ ತಿರುಳೂ ಇದೇ: ಕಾಳು ಇದ್ದರಷ್ಟೇ ಸಾಲದು, ಅದನ್ನು ಪಡೆಯುವ ಶಕ್ತಿಯೂ ಜನರಿಗೆ ಇರಬೇಕು.

ಕ್ಷಾಮ ಕೆಲವು ಪಾಠಗಳನ್ನೂ ಬಿಟ್ಟುಹೋಯಿತು. 1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು. ಅದರ ಬೆನ್ನಿಗೆ ಕ್ಷಾಮ ಸಂಹಿತೆ ರೂಪುಗೊಂಡಿತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಗೆ ಬರ ನಿವಾರಣೆಯೂ ಒಂದು ಉದ್ದೇಶವಾಗಿತ್ತು. ಆ ದಶಕದಲ್ಲೇ ಅದರ ಹಳಿಗಳು ಖಾನಾಪುರದ ಕಾಡನ್ನು ಸೀಳಿ ಲೋಂಡಾದ ಮೂಲಕ ಬೆಳಗಾವಿಯನ್ನು ಮುಟ್ಟಿದವು. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಬಿತ್ತು. ಆದರೆ 1878ರಲ್ಲೇ ಅರಣ್ಯ ಕಾಯಿದೆಯೂ ಬಂತು. ಬರ ಬಂದಾಗ ಗೆಡ್ಡೆಗೆಣಸಿಗೂ ಮೇವಿಗೂ ಕಾಡಿನ ಕಡೆ ಮುಖ ಮಾಡುತ್ತಿದ್ದ ಬಡವನಿಗೆ ಆ ಬಾಗಿಲು ಮುಚ್ಚುತ್ತ ಹೋಯಿತು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದುಕೊಂಡಿತು.

ಮಳೆ ಏಕೆ ತಪ್ಪಿತು ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವೂ ಇಂಥ ಬರಗಳಿಂದಲೇ ಬಿರುಸಾಯಿತು. 1875ರಲ್ಲಿ ಸ್ಥಾಪನೆಯಾದ ಹವಾಮಾನ ಇಲಾಖೆಯ ಬ್ಲಾನ್‌ಫರ್ಡ್ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಇರುವ ನಂಟನ್ನು ಅರಸಿದರು. ಗಿಲ್ಬರ್ಟ್ ವಾಕರ್ ದೂರದ ಪೆಸಿಫಿಕ್ ಸಾಗರದ ವಾಯುಭಾರದ ಏರಿಳಿತಕ್ಕೂ ನಮ್ಮ ಮಳೆಗೂ ಸಂಬಂಧವಿರುವುದನ್ನು ಗುರುತಿಸಿದರು. 1877ರಲ್ಲಿ ಪ್ರಬಲವಾದ ಎಲ್ ನಿನೊ ಇತ್ತೆಂಬುದನ್ನು ವಿಜ್ಞಾನಿಗಳು ಇಂದು ಬಲ್ಲರು. ಆ ಕಾಲದ ಏರುಪೇರು ಪ್ರಕೃತಿಯದು. ಈಗ ಅದಕ್ಕೆ ಮನುಷ್ಯನ ಹೊಗೆಯೂ ಸೇರಿದೆ. ಭೂಮಿ ಬಿಸಿಯಾದಷ್ಟೂ ಗಾಳಿ ಹೆಚ್ಚು ತೇವವನ್ನು ಹೊರುತ್ತದೆ; ಸುರಿದರೆ ಒಮ್ಮೆಲೇ ಸುರಿಯುತ್ತದೆ.

2019ರ ಆಗಸ್ಟಿನಲ್ಲಿ ಇದನ್ನು ಬೆಳಗಾವಿ ಕಣ್ಣಾರೆ ಕಂಡಿತು. ಮಲಪ್ರಭೆಯೂ ಘಟಪ್ರಭೆಯೂ ಒಟ್ಟಿಗೆ ಉಕ್ಕಿದವು. ನದಿದಂಡೆಯ ಊರುಗಳಲ್ಲಿ ನೇಕಾರರ ಮಗ್ಗಗಳಿಗೆ ನೀರು ನುಗ್ಗಿತು. ಅಂದು ಕೊಳ್ಳುವವರಿಲ್ಲದೆ ನಿಂತ ಮಗ್ಗ ಇಂದು ಕೆಸರಿನಲ್ಲಿ ಹೂತು ನಿಂತಿತು. ಬಳ್ಳಾರಿ ನಾಲೆ ಉಕ್ಕಿದಾಗಲೆಲ್ಲ ಶಹಾಪುರ, ವಡಗಾವಿಯ ಹೆಸರಾಂತ ಬಾಸಮತಿ ಗದ್ದೆಗಳು ಕೊಳೆಯುತ್ತವೆ. ಖಾನಾಪುರದ ಇಟ್ಟಿಗೆ ಹೆಂಚುಗಳ ಕಸುಬು ನಂಬಿರುವುದು ಬಿಸಿಲನ್ನು. ಅಕಾಲದ ಒಂದು ಮಳೆ ಸಾಕು, ಹಸಿ ಇಟ್ಟಿಗೆ ಮರಳಿ ಮಣ್ಣಾಗುತ್ತದೆ. ನೆರೆಯ ನೆನಪು ಮಾಸುವ ಮೊದಲೇ 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು.

ಇದರ ನಡುವೆ ಖಾನಾಪುರದ ಮೇಲೆ ಬಯಲುನಾಡಿನ ಕಣ್ಣು ನೆಟ್ಟಿದೆ. ಸವದತ್ತಿಯ ಬಳಿಯ ನವಿಲುತೀರ್ಥದ ಜಲಾಶಯ ತುಂಬುವುದು ಕಣಕುಂಬಿಯ ಮಳೆಯಿಂದ. ಕಾಲುವೆಯ ನೀರು ಸರಿಯಾಗಿ ಮುಟ್ಟದಿದ್ದರೂ ಕರ ಕಟ್ಟಬೇಕೆಂದಾಗ ನರಗುಂದ, ನವಲಗುಂದಗಳ ರೈತರು ಸಿಡಿದೆದ್ದರು. 1980ರ ಜುಲೈ 21ರಂದು ರಕ್ತ ಹರಿಯಿತು. ಕಳಸಾ-ಬಂಡೂರಿ ನಾಲೆಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಕೂಗು ಆ ಬಾಯಾರಿಕೆಯ ಮುಂದುವರಿಕೆ. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರನ್ನು ಹಂಚಿತು. ಬಯಲಿನ ರೈತನ ಬಾಯಾರಿಕೆ ಸುಳ್ಳಲ್ಲ. 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಕಾಡು ಕರಗಿದರೆ ತಿರುಗಿಸಲು ನೀರೇ ಉಳಿಯದೆಂಬ ಭಯವೂ ಸುಳ್ಳಲ್ಲ. ಇಬ್ಬರ ಮಾತನ್ನೂ ಕೇಳಿಸಿಕೊಳ್ಳುವ ತಾಳ್ಮೆ ನಮಗಿರಬೇಕು.

ಬೆಳಗಾವಿಯಲ್ಲೊಂದು ಬಾವಿಯಿದೆ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಬಂದ ಜನರ ನೀರಿಗಾಗಿ ತೋಡಿದ್ದು. ನಲ್ಲಿ ಬಂದ ಮೇಲೆ ಊರು ಅದನ್ನು ಮರೆಯಿತು. ತೊಂಬತ್ತರ ದಶಕದಲ್ಲಿ ನೀರಿನ ಬವಣೆ ಬಂದಾಗ ಹೂಳೆತ್ತಿ ನೋಡಿದರೆ ಹಳೆಯ ಬಾವಿಗಳಲ್ಲಿ ಇನ್ನೂ ಒರತೆಯಿತ್ತು. ಇತಿಹಾಸವೂ ಅಂಥದೇ ಒಂದು ಬಾವಿ. ಬರ ಬರುವ ಮೊದಲೇ ಹೂಳೆತ್ತಿದರೆ ಅದರ ನೀರು ನಮ್ಮ ಮಕ್ಕಳಿಗೂ ಆದೀತು.