ಕಾಮಗೆರೆ ಸೀಮೆಯಲ್ಲಿ ಪಂಚಾಯಿತಿ ಆಯವ್ಯಯದ ಪರಿಶೀಲನೆ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಹಾದಿಯಲ್ಲಿರುವ ಕಾಮಗೆರೆಯು ಎರಡು ಆಡಳಿತ ಸಂಪ್ರದಾಯಗಳ ಲೆಕ್ಕವನ್ನು ಕಂಡ ಗ್ರಾಮ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ನೆರೆಯ ಯಳಂದೂರು ಮಾತ್ರ ಮೈಸೂರು ಸೀಮೆಯೊಳಗಿದ್ದಿತು. ರಿಪ್ಪನ್ ಪ್ರಭುವಿನ 1882ರ ನಿರ್ಣಯವನ್ನನುಸರಿಸಿ ಮದರಾಸು ಸರ್ಕಾರವು 1884ರಲ್ಲಿ ಸ್ಥಳೀಯ ಮಂಡಲಿಗಳ ಕಾಯಿದೆಯನ್ನು ತಂದಿತಾದರೂ, ಜಿಲ್ಲಾ ಬೋರ್ಡಿನ ಅಧ್ಯಕ್ಷಪೀಠದಲ್ಲಿ ಮೊದಮೊದಲು ಕಲೆಕ್ಟರನೇ ಕುಳಿತಿದ್ದುದರಿಂದ, ಖರ್ಚಿನ ವಿಮರ್ಶೆಯು ಅಧಿಕಾರಿಗಳ ವ್ಯವಹಾರವಾಗಿಯೇ ಉಳಿಯಿತು.

ಏಕೀಕರಣಾನಂತರ 1959ರ ಕಾಯಿದೆಯು ಗ್ರಾಮ ಪಂಚಾಯಿತಿ, ತಾಲ್ಲೂಕು ಬೋರ್ಡುಗಳನ್ನು ರಾಜ್ಯಾದ್ಯಂತ ಏಕರೂಪಕ್ಕೆ ತಂದಿತು. ಆದರೆ ವರ್ಷಾಂತ್ಯದ ಆಡಿಟ್ಟು, ಮುಗಿದ ವರ್ಷದ ಲೋಪವನ್ನು ಎತ್ತಿ ತೋರಿಸಬಲ್ಲುದೇ ಹೊರತು, ನಡೆಯುತ್ತಿರುವ ವರ್ಷದ ವೆಚ್ಚವನ್ನು ತಿದ್ದಲಾರದು. 1983ರ ಕಾಯಿದೆಯಂತೆ 1987ರ ಜನವರಿಯಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳೂ ಮಂಡಲ ಪಂಚಾಯಿತಿಗಳೂ ಅಸ್ತಿತ್ವಕ್ಕೆ ಬಂದಾಗ, ಹಣದೊಡನೆ ಹೊಣೆಯೂ ಕೆಳಗಿಳಿಯಿತು. ಊರೂರಿಗೆ ಕೊಳವೆಬಾವಿ ತೆಗೆಸಿ ‘ನೀರ್‌ಸಾಬ್’ ಎನಿಸಿದ, ಈ ಕಾಯಿದೆಯ ರೂವಾರಿಯಾದ ಸಚಿವ ಅಬ್ದುಲ್ ನಜೀರ್ ಸಾಬರ ಉಪಕಾರವನ್ನು ಈ ಪ್ರಸಂಗದಲ್ಲಿ ಸ್ಮರಿಸದಿರಲಾಗದು. ತರುವಾಯ ಬಂದ 1993ರ ಪಂಚಾಯತ್ ರಾಜ್ ಅಧಿನಿಯಮವು ಫೆಬ್ರವರಿ 1ರಿಂದ ಮಾರ್ಚ್ 10ರೊಳಗೆ ಆಯವ್ಯಯವನ್ನು ಸಿದ್ಧಪಡಿಸಬೇಕೆಂದು ವಿಧಿಸಿತು. 2006ರ ನಿಯಮಗಳು ಜೋಡಿ ನಮೂದು ಪದ್ಧತಿಯನ್ನು ತಂದುವು. ‘ಪಂಚತಂತ್ರ’ ತಂತ್ರಾಂಶವು ಖಾತೆಗಳನ್ನು ಗಣಕಯಂತ್ರಕ್ಕೆ ಏರಿಸಿತು.

ಇಷ್ಟಾದರೂ ನಿಜವಾದ ವಿವೇಕ ಬೇಕಾಗುವುದು ಅರ್ಧ ವರ್ಷ ಕಳೆದು, ಉಳಿದ ಆರು ತಿಂಗಳಿಗೆ ಎಷ್ಟು ಹಣ ಬೇಕಾದೀತೆಂದು ಅಂದಾಜಿಸಿ, ಮಂಜೂರಾದ ಮೊತ್ತದೊಡನೆ ತಾಳೆ ನೋಡುವಲ್ಲಿ. ನೀರು ಸರಬರಾಜಿನ ವಿದ್ಯುತ್ ಬಿಲ್ಲಿಗೆ ಹನ್ನೆರಡು ಲಕ್ಷ ರೂಪಾಯಿ ಇಟ್ಟಿದ್ದು, ಸೆಪ್ಟೆಂಬರ್ ಕೊನೆಗೆ ಐದು ಲಕ್ಷ ಪಾವತಿಯಾಗಿದೆಯೆಂದು ಭಾವಿಸೋಣ. ಇಮ್ಮಡಿ ಮಾಡಿದರೆ ಹತ್ತು ಲಕ್ಷ; ಎರಡು ಲಕ್ಷ ಉಳಿತಾಯವೆಂದು ತೋರುವುದು. ಆದರೆ ಎರಡು ತಿಂಗಳ ಬಿಲ್ಲು ಪಾವತಿಯಾಗದೆ ಉಳಿದಿದ್ದರೆ ಆ ಉಳಿತಾಯವೆಲ್ಲ ಮರೆಮಾಚಿದ ಸಾಲ. ಹಿಂಗಾರು ಕೈಕೊಟ್ಟು ಫೆಬ್ರವರಿಗೇ ಮೋಟಾರುಗಳು ಹಗಲಿರುಳು ಓಡತೊಡಗಿದರೆ ಅಂದಾಜು ಮತ್ತೊಮ್ಮೆ ತಲೆಕೆಳಗಾದೀತು. ಈ ಸಂಗತಿಯನ್ನು ತಂತ್ರಾಂಶವು ಅರಿಯದು, ನೀರುಗಂಟಿಯು ಅರಿತಿರುವನು.

ಒಟ್ಟು ಮೊತ್ತವನ್ನಷ್ಟೇ ನೋಡುವುದರಲ್ಲಿಯೂ ಅಪಾಯವಿದೆ. 2021ರಿಂದ 2026ರವರೆಗಿನ ಹದಿನೈದನೆಯ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡ 60 ಭಾಗವು ನೀರು, ನೈರ್ಮಲ್ಯಗಳಿಗೇ ಮೀಸಲಾಗಿದ್ದಿತು. ಉಳಿದ ಭಾಗವನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ಇಂಥ ಷರತ್ತುಗಳಿರುವಲ್ಲಿ ಆಖೈರು ಶಿಲ್ಕು ಲಕ್ಷಗಟ್ಟಲೆ ಇದ್ದರೂ ಸಿಬ್ಬಂದಿಯ ವೇತನಕ್ಕೆ ಕಾಸಿಲ್ಲದ ಸ್ಥಿತಿಯೊದಗಬಹುದು. ಲೆಕ್ಕ ಶೀರ್ಷಿಕೆಯೊಂದೊಂದನ್ನೂ ಬೇರೆಬೇರೆಯಾಗಿ ಪರಿಶೀಲಿಸಿದಲ್ಲದೆ ಈ ಸಂಕಟ ಗೋಚರಿಸದು.

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಬಳಿಕ ಚುನಾವಣೆ ವಿಳಂಬಿಸಿ, ಮೇಲಿನ ಎರಡು ಸ್ತರಗಳಲ್ಲಿ ಖರ್ಚನ್ನು ಪ್ರಶ್ನಿಸುವ ಚುನಾಯಿತ ಸದಸ್ಯರೇ ಇಲ್ಲದಂತಾದುದು ವಿಷಾದಕರ. ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮದ (ಕೆ.ಡಿ.ಪಿ.) ಸಭೆಗಳು ಪ್ರಗತಿಯ ಶೇಕಡಾವಾರನ್ನು ಕೇಳುವುವು. ಬಾಕಿಯನ್ನು ಕೇಳುವುದು ವಿರಳ. ಗ್ರಾಮಸ್ಥರೆದುರು ಲೆಕ್ಕ ಒಪ್ಪಿಸುವ ಜಮಾಬಂದಿಯಾದರೋ ಹಿಂದಿನ ವರ್ಷದ್ದು. ಆದರೆ ಅಕ್ಟೋಬರಿನಲ್ಲಿ ಗ್ರಾಮ ಪಂಚಾಯಿತಿಯ ಒಂದು ಸಾಮಾನ್ಯ ಸಭೆಯನ್ನು ಅರ್ಧ ವರ್ಷದ ಈ ಪರಿಶೀಲನೆಗಾಗಿಯೇ ಮೀಸಲಿಟ್ಟು, ಕರವಸೂಲಿಗಾರನನ್ನೂ ನೀರುಗಂಟಿಯನ್ನೂ ಎದುರಿಗೆ ಕೂರಿಸಿಕೊಂಡು, ಬೇಡಿಕೆ, ವಸೂಲಿ, ಬಾಕಿಗಳ ಪಟ್ಟಿಯನ್ನು ಓದಿ ಹೇಳಿಸಿ, ಪರಿಷ್ಕೃತ ಅಂದಾಜನ್ನು ಅಲ್ಲಿಯೇ ಬರೆಯಿಸುವುದಕ್ಕೆ ಯಾವ ಹೊಸ ಕಾಯಿದೆಯೂ ಬೇಕಿಲ್ಲ.